ಬಯಲಿಗೆ ಇಳಿದ ವಿಮಾನ

ಅಪ್ಪ ತೀರಿಕೊಂಡ ಮೇಲೆ ಪೆಟ್ರೋಲ್ ವಾಸನೆ ಬಂದಾಗಲೆಲ್ಲ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಸಣ್ಣ ವಿಮಾನಗಳ ಮೆಕ್ಯಾನಿಕ್. ಪೆಟ್ರೋಲಿನ ಒತ್ತಡ ತೋರಿಸುವ ಮುಳ್ಳು ಕುಣಿಯತೊಡಗಿತೆಂದು ಪೈಲಟ್ ಒಬ್ಬರು ಗೌರಿಬಿದನೂರಿನ ಬಯಲಲ್ಲಿ ವಿಮಾನ ಇಳಿಸಿದ್ದರು. ಅಮ್ಮ ಇಲ್ಲದ ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ಅಪ್ಪ ನನ್ನನ್ನೂ ಕರೆದೊಯ್ದಿದ್ದ. ಬೇರೆ ಗೇಜ್ ಹಾಕಿ ನೋಡಿದ; ಒತ್ತಡ ಸರಿಯಾಗಿಯೇ ಇತ್ತು. ಹಳೆಯ ಗೇಜಿನ ತಂತಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿ ಪೈಲಟ್ ಪಕ್ಕ ಹತ್ತಿ ಕೂತ.

"ನೀನ್ಯಾಕಪ್ಪ ಹೋಗ್ತೀಯ?"

"ರಿಪೇರಿ ಮಾಡ್ದೋನೇ ಮೊದ್ಲು ಕೂತ್ಕೋಬೇಕು ಕಣಮ್ಮ. ಇಲ್ದಿದ್ರೆ ಅವ್ರು ಹೆಂಗೆ ನಂಬ್ತಾರೆ?"

ವಿಮಾನ ಗುಡ್ಡದಾಚೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಸದ್ದೂ ಇಲ್ಲವಾಯಿತು. ಕೊಯ್ದ ರಾಗಿಹೊಲದ ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ನಾನು ಕದಲದೆ ನಿಂತಿದ್ದೆ.

ಇಳಿದು ಬಂದ ಅಪ್ಪನನ್ನು ಕೇಳಿದೆ, "ಮೇಲಿಂದ ನಾನು ಕಾಣ್ತಿದ್ನಾ?"

"ಗುಡ್ಡ ಅಡ್ಡ ಬರೋವರ್ಗೂ ಕಾಣ್ತಿದ್ದೆ. ಆಮೇಲೆ ಕಾಣ್ಲಿಲ್ಲ. ತಿರುಗ್ಸಿ ಸಾರ್, ಅಂದೆ."