ಒಂದೇ ಕಾಲಿಗೆ ಬೂಟು

ಮುಸುಕಿನ ಬಟ್ಟೆ ಜಾರಿ ಬಿದ್ದದ್ದೇ ತಡ, ಗ್ಯುಮ್ರಿಯ ಚೌಕದಲ್ಲಿ ನಗು ಹಬ್ಬಿತು. ಊರಿನ ಹೆಮ್ಮೆಯ ಸಂಗೀತ ಸಂಯೋಜಕ ಕಂಚಿನ ಪಿಯಾನೊದ ಮೇಲೆ ಬಾಗಿ ಕೂತಿದ್ದ. ಎಡಗಾಲಿಗೆ ಬೂಟಿತ್ತು, ಪೆಡಲ್ ಒತ್ತಿದ ಬಲಗಾಲು ಬರಿದಾಗಿತ್ತು.

“ಏನ್ ವರ್ಪೆತ್, ಇನ್ನೊಂದು ಬೂಟಿಗೆ ಕಂಚು ಸಾಲ್ಲಿಲ್ವಾ?” ಕ್ಷೌರಿಕ ಹ್ಮಾಯಕ್ ಶಿಲ್ಪಿಯತ್ತ ಕೂಗಿದ; ನುರಿತ ಕಸುಬುದಾರರನ್ನು ನಮ್ಮಲ್ಲಿ ವರ್ಪೆತ್ ಅನ್ನುತ್ತಾರೆ. ನಮ್ಮೂರಿನವರ ನಾಲಿಗೆಗೆ ಲಗಾಮಿಲ್ಲ. ಶಿಲ್ಪಿ ಗುರ್ಗೆನ್ ನಿಂತಲ್ಲಿ ನಿಲ್ಲಲಾರದೆ ಬೆರಳು ಹಿಚುಕಿಕೊಳ್ಳುತ್ತಿದ್ದ. ಸಂಯೋಜಕನ ಮನೆಯವರು ಒಪ್ಪದಿದ್ದರೆ ಪ್ರತಿಮೆ ಕರಗಿಸುತ್ತೇವೆಂದು ಸಮಿತಿ ಮೊದಲೇ ಹೇಳಿತ್ತು. ಮನೆಯವರೆಂದರೆ ಉಳಿದಿದ್ದವಳು ಅಕ್ಕ ಸಾತೆನಿಕ್ ಒಬ್ಬಳೇ. ಅವಳು ಪ್ರತಿಮೆಯ ಸುತ್ತ ಬಂದಳು, ಮತ್ತೊಮ್ಮೆ ಬಂದಳು.

ಸಮಿತಿಯ ಅಧ್ಯಕ್ಷರಿಗೆ ತಾಳ್ಮೆ ಮುಗಿಯಿತು. “ಅಗಲಿದ ಮೇಷ್ಟ್ರ ನೆನಪಿಗೆ,” ಎಂದು ಕೋನ್ಯಾಕ್ ಲೋಟ ಎತ್ತಿದರು. ಸತ್ತವರ ಹೆಸರಲ್ಲಿ ಕುಡಿಯುವಾಗ ಲೋಟ ತಾಗಿಸಬಾರದು; ತಾಗಿಸುವುದೇನಿದ್ದರೂ ಬದುಕಿರುವವರಿಗೆ. ಜನ ಕೈಗಳನ್ನು ದೂರದೂರ ಹಿಡಿದು ಕುಡಿದರು.

ಸಾತೆನಿಕ್ ಕುಡಿಯಲಿಲ್ಲ. ಬಗ್ಗಿ ಕಂಚಿನ ಬರಿಗಾಲನ್ನು ಮುಟ್ಟಿದಳು. “ಎಷ್ಟು ಸಲ ಬಡ್ಕೊಂಡೆ ಕಣೋ, ಬೂಟು ಬಿಚ್ಚಿ ನುಡಿಸ್ಬೇಡ, ಶೀತ ಆಗುತ್ತೆ ಅಂತ.” ಆಮೇಲೆ ಗುರ್ಗೆನ್‌ನನ್ನು ದುರುಗುಟ್ಟಿ ನೋಡಿದಳು. “ಇದನ್ನ ನಿಂಗ್ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲಮ್ಮ. ಚಿಕ್ಕವನಿದ್ದಾಗ ನಿಮ್ಮ ಕಿಟಕಿ ಹತ್ರ ನಿಂತು ನೋಡ್ತಿದ್ದೆ.”

ಅವಳು ಸೊಂಟ ನೆಟ್ಟಗೆ ಮಾಡಿಕೊಂಡಳು. ಇಡೀ ಚೌಕ ನೋಡುತ್ತಿರುವಾಗಲೇ ತಮ್ಮನ ಕಂಚಿನ ಬೆರಳಿಗೆ ತನ್ನ ಲೋಟವನ್ನು ಠಣ್ಣೆಂದು ತಾಗಿಸಿದಳು.