ಸೋಮವಾರದಿಂದ ಶಾಲೆ

ಸರ್ವಾಧಿಕಾರಿ ಸಿಕ್ಕಿಬಿದ್ದನೆಂದು ರೇಡಿಯೋ ಹೇಳಿದ ಬೆಳಿಗ್ಗೆಯೇ ಮುಖ್ಯೋಪಾಧ್ಯಾಯಿನಿ ಸಿಹಿಯ ಡಬ್ಬಿ ಹಿಡಿದು ತನ್ನ ಶಾಲೆಗೆ ಹೋದಳು. ಎಂಟು ತಿಂಗಳಿಂದ ಅಲ್ಲಿ ವಿದೇಶಿ ಸೈನ್ಯ ಬೀಡುಬಿಟ್ಟಿತ್ತು. ಮಕ್ಕಳು ಬಯಲಲ್ಲಿ, ಬಿಸಿಲಿಗೆ ಕೂತು ಓದುತ್ತಿದ್ದರು. ಬಾವುಟ ಏರಿಸುವ ಹಗ್ಗದಲ್ಲಿ ಸೈನಿಕರ ಬನಿಯನ್‌ಗಳು ಒಣಗುತ್ತಿದ್ದವು.

ಕ್ಯಾಪ್ಟನ್ ಒಂದನೇ ತರಗತಿಯ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದ.

“ನನ್ನ ತಮ್ಮನ್ನ ಒಂಬತ್ತು ವರ್ಷ ಜೈಲಲ್ಲಿಟ್ಟವನು ಅವನು. ಹಿಡಿದಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ,” ಎಂದು ಅವಳು ಡಬ್ಬಿ ಮುಂದಿಟ್ಟಳು. “ಅವನು ಸಿಕ್ಕಿದ ದಿನವೇ ಹೊರಡ್ತೀವಿ ಅಂದಿದ್ರಿ. ಸೋಮವಾರದಿಂದ ಶಾಲೆ ಶುರು ಮಾಡ್ಲಾ?”

“ಈಗ ಹೇಗಮ್ಮ ಹೋಗೋದು? ಅವನನ್ನ ಕಾಯಬೇಕಲ್ಲ.”

“ಎಲ್ಲಿಟ್ಟಿದ್ದೀರಿ?”

“ನಿಮ್ಮ ಆಫೀಸ್ ರೂಮಲ್ಲಿ. ಗಟ್ಟಿ ಬಾಗಿಲಿರೋದು ಅದೊಂದಕ್ಕೇ. ನಾವು ಆ ಕಡೆ ಹೋದ್ರೆ, ಈ ಕಡೆ ಅವನ ಕಡೆಯವರು ಬಂದು ಬಿಡಿಸ್ಕೊಂಡು ಹೋಗ್ತಾರೆ.”

ಅವನಿಗೆ ಬೇಸರವಾಗದಂತೆ ಅವಳು ಮೆಲ್ಲಗೆ ಹೇಳಿದಳು: “ಹೋಗುವಾಗ ಅವನನ್ನೂ ನಿಮ್ಮ ದೇಶಕ್ಕೇ ಕರ್ಕೊಂಡು ಹೋಗಬಹುದಲ್ಲ? ಅಲ್ಲೇ ಇಟ್ಟು ಕಾಯಿರಿ.”

ಕ್ಯಾಪ್ಟನ್ ಬಾಯಲ್ಲಿದ್ದ ಸಿಹಿಯನ್ನು ಅವಸರದಲ್ಲಿ ನುಂಗಿ ಕೈಯಾಡಿಸಿದ.

“ಉಂಟೇನಮ್ಮ? ನಮ್ಮ ಜನ ನಿಮಗೆ ಗೊತ್ತಿಲ್ಲ. ಯಾವುದೋ ದೇಶದವನು ಕರೆಯದೇ ಬಂದು ಕೂತ್ರೆ, ಅವರು ಒಂದು ದಿನವೂ ತಡ್ಕೊಳ್ಳಲ್ಲ.”