ಒಂದು ಬೆರಳಿಡು

ಓಣಿಯ ಹೆಂಗಸರೆಲ್ಲ ಮೀಯಲು ಬರುವ ಹಮ್ಮಾಮಿನ ಹಬೆ ತುಂಬಿದ ಒಳಕೋಣೆಯಲ್ಲಿ ಎಲ್ಲರ ಮೈಯಿಂದಲೂ ಬೆವರು ಇಳಿಯುತ್ತಿತ್ತು. ಮನ್ನೂಬಿಯಾ ಒಬ್ಬಳೇ ಚಳಿಯಿಂದ ನಡುಗುತ್ತಿದ್ದಳು. ಯಾರ ಕಣ್ಣಿಗೂ ಬೀಳಬಾರದೆಂದು ಗೋಡೆಗೆ ಮುಖಮಾಡಿ, ಮೈಯುಜ್ಜುವ ಒರಟು ಕೈಗವಸನ್ನು ನೀರಿನಲ್ಲಿ ಹಿಂಡಿದ್ದೇ ಹಿಂಡಿದ್ದು.

ಇಂದು ಮದುಮಗಳ ಸ್ನಾನ. ಕೈರವಾನ್ ಪಟ್ಟಣದ ಈ ಓಣಿಯಲ್ಲಿ ಮದುಮಗಳ ಮೈಯುಜ್ಜುವ ಕೆಲಸ ಮೂವತ್ತು ವರ್ಷಗಳಿಂದ ಮನ್ನೂಬಿಯಾಳದೇ. ಸಲ್ವಾಳನ್ನು ಮದುಮಗಳಾಗಿ ಮೀಯಿಸಿದ್ದು ಅವಳು. ಸಲ್ವಾಳ ಮಗಳು, ಇಂದಿನ ಮದುಮಗಳು ಎಮ್ನಾಳನ್ನು ನಲವತ್ತು ದಿನದ ಕೂಸಾಗಿ ಇದೇ ಕಲ್ಲಿನ ಮೇಲೆ ಮೀಯಿಸಿದ್ದೂ ಅವಳೇ. ತನಗೆ ಮಕ್ಕಳಿರಲಿಲ್ಲ. ಎಮ್ನಾಳ ಈ ಒಂದು ಸ್ನಾನಕ್ಕಾಗಿ ಇಪ್ಪತ್ತಮೂರು ವರ್ಷ ಕಾದಿದ್ದಳು.

ಮೈಕೈ ನೋವೆಂದು ಬಂದವರಿಗೆಲ್ಲ ಅವಳದೊಂದು ಪರೀಕ್ಷೆ. "ನೋವಿರೋ ಕಡೆ ಒಂದು ಬೆರಳಿಡು" ಎನ್ನುವಳು. ಬೆರಳು ಭುಜಕ್ಕೋ ಸೊಂಟಕ್ಕೋ ಹೋಗಿ ನಿಂತರೆ ಅದು ಮಗ್ಗದ ಮುಂದೆ ಕೂತು ಕಂಬಳಿ ನೇಯ್ದ ನೋವು, ಮಲಗಿಸಿ ತಿಕ್ಕುವಳು. ಬೆರಳು ತಲೆಯಿಂದ ಕಾಲಿನವರೆಗೆ ಅಲೆಯತೊಡಗಿದರೆ ಜ್ವರದ ನೋವು. "ಇದು ನನ್ನ ಕೈಲಿ ಆಗೋದಲ್ಲ. ಮನೆಗೆ ಹೋಗು, ಚೆನ್ನಾಗಿ ನೀರು ಕುಡಿ, ಸಾರು ಕುಡಿ, ಜ್ವರದ ಮಾತ್ರೆ ನುಂಗಿ ಮೂರು ದಿನ ಬಿದ್ಕೊ. ಮೈ ಒಳಗೇ ಕುಸ್ತಿ ನಡೀತಿದೆ, ಮೇಲಿಂದ ನಾನೂ ಗುದ್ದಬೇಕಾ?"

ನಿನ್ನೆಯಿಂದ ಅವಳಿಗೇ ಒಂದೊಂದು ಕೀಲೂ ನೋಯುತ್ತಿತ್ತು. ಕಣ್ಣು ಹೊರಳಿಸಿದರೂ ನೋವು. ಬೆಳಿಗ್ಗೆ ಎರಡು ಮಾತ್ರೆ ನುಂಗಿದ ಮೇಲೆ ಹಗುರವೆನಿಸಿತು. ಹೋಯಿತು ಎಂದುಕೊಂಡು ಬಂದಳು, ಹೋಗಿಲ್ಲವೆಂದು ಗೊತ್ತಿದ್ದೂ ಬಂದಳು. ಮಧ್ಯಾಹ್ನದ ಹೊತ್ತಿಗೆ ಮಾತ್ರೆಯ ಬಲ ಇಳಿದಿತ್ತು.

"ಅಕ್ಕಾ, ಶುರು ಮಾಡಿ. ಹುಡುಗೀರು ಹಾಡಿ ಹಾಡಿ ಗಂಟಲು ಒಣಗಿಸ್ಕೊಂಡ್ರು" ಎಂದು ಸಲ್ವಾ ಕೂಗಿದಳು.

ಮನ್ನೂಬಿಯಾ ತೋಳು ಹಿಡಿದೊಡನೆ ಎಮ್ನಾ ಬೆಚ್ಚಿದಳು. "ಖಾಲಾ, ನಿಮ್ಮ ಕೈ ಕಾದ ಹಂಚಾಗಿದೆಯಲ್ಲ!"

"ಹಮ್ಮಾಮಲ್ಲಿ ಕೈ ಬಿಸಿಯಾಗ್ದೆ ಮಂಜುಗಡ್ಡೆ ಆಗುತ್ತಾ? ಸುಮ್ನೆ ಮಲ್ಕೊ."

"ಮೈ ನೋವಾ?"

"ವಯಸ್ಸಾಯ್ತು ಕಂದಾ. ಭುಜ ಸ್ವಲ್ಪ ಹಿಡ್ಕೊಂಡಿದೆ, ಅಷ್ಟೇ."

ಎಮ್ನಾ ಎದ್ದು ಕುಳಿತಳು. ಹೋದ ಚಳಿಗಾಲದಲ್ಲಿ ಜ್ವರ ಬಂದಾಗ ಮನ್ನೂಬಿಯಾಳ ಇದೇ ಪರೀಕ್ಷೆಗೆ ಸಿಕ್ಕಿ, ಬೈಸಿಕೊಂಡು ಮನೆಗೆ ಹೋಗಿ ಮಲಗಿದ್ದವಳು ಅವಳು. ನಗುತ್ತಲೇ ಅಂದಳು, "ಹಾಗಾದ್ರೆ ಒಂದು ಬೆರಳಿಡಿ, ಖಾಲಾ."

ಹಾಡು ನಿಂತಿತು. ಮನ್ನೂಬಿಯಾ ಬೆರಳನ್ನು ಭುಜದ ಮೇಲಿಟ್ಟಳು. ಹಾಗೆ ಸುಳ್ಳು ಹೇಳಿದ ಎಷ್ಟೋ ಮಂದಿಯನ್ನು ನೋಡಿದ್ದಳು. ಅಲ್ಲೇ ಇಟ್ಟುಕೊಂಡಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಮದುವೆ ಭಾನುವಾರ. ಇವತ್ತು ಇವಳನ್ನು ಮುಟ್ಟಿ ಉಜ್ಜಿದರೆ, ಭಾನುವಾರ ಈ ಹುಡುಗಿ ಜರಿಯ ಉಡುಗೆಯೊಳಗೆ ಹೀಗೇ ನಡುಗುತ್ತಾ ಕೂತಿರುತ್ತಾಳೆ. ಬೆರಳು ಭುಜ ಬಿಟ್ಟು ಕತ್ತಿಗೆ ಹೋಯಿತು, ಸೊಂಟಕ್ಕೆ ಇಳಿಯಿತು, ಮಂಡಿಗೆ ಬಂತು, ಎಲ್ಲೂ ನಿಲ್ಲಲಿಲ್ಲ.

"ಅಯ್ಯೋ ಅಕ್ಕಾ, ನೀವಿಲ್ದೆ ಹೇಗೆ?" ಎಂದಳು ಸಲ್ವಾ.

"ತಾಯಿ ನೀನಿಲ್ವಾ? ನನ್ನ ಕೈಗವಸು ಬೇಡ, ಬುಟ್ಟೀಲಿ ಹೊಸದಿದೆ, ಅದನ್ನ ಹಾಕ್ಕೊ."

ಗೋಡೆ ಹಿಡಿದು ಬಾಗಿಲವರೆಗೆ ನಡೆದ ಮನ್ನೂಬಿಯಾ ಅಲ್ಲಿ ನಿಂತಳು. ಒಳಗೆ ಮತ್ತೆ ಕಾಲಿಡಲಿಲ್ಲ.

"ಸಲ್ವಾ, ಎಡಗಡೆ ಮೊಣಕೈ ಹಿಂದೆ ಮೆತ್ತಗೆ ಉಜ್ಜು. ಕೂಸಿದ್ದಾಗ ಅಲ್ಲಿ ಮುಟ್ಟಿದ್ರೆ ಅಳ್ತಿದ್ಲು."